ಬೆನ್ನೆಲುಬಿನ ಡಿಸ್ಕ್ ಮತ್ತು ವಿಟಮಿನ್ ಡಿ: ಎರಡು ಕಾಲಮಾನಗಳು

ಕತ್ತಿನಿಂದ ಸೊಂಟದ ಬುಡದವರೆಗೆ ಒಂದರ ಮೇಲೊಂದು ಕೂತಿರುವ ಕಶೇರುಗಳ, ಅಂದರೆ ಬೆನ್ನೆಲುಬಿನ ಮಣಿಗಳ, ನಡುವೆ ಮನುಷ್ಯನಿಗೆ ಒಟ್ಟು 23 ಡಿಸ್ಕ್‌ಗಳಿವೆ. ದೇಹದಲ್ಲಿ ರಕ್ತನಾಳಗಳ ಆಸರೆಯಿಲ್ಲದೆ ಬದುಕುವ ಅಂಗಾಂಶಗಳ ಪೈಕಿ ಇವೇ ಅತಿ ದೊಡ್ಡವು ಎಂಬ ಸಂಗತಿ ಅವುಗಳ ಬಾಳಿಕೆಯನ್ನೂ ಸವೆತವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಪ್ರತಿ ಡಿಸ್ಕ್‌ನ ನಡುವೆ ಲೋಳೆಯಂತಹ ತಿರುಳು, ಅದನ್ನು ಸುತ್ತುವರಿದು 15ರಿಂದ 25 ಪದರಗಳಷ್ಟು ನಾರಿನ ಉಂಗುರ, ಮೇಲೂ ಕೆಳಗೂ ತಿರುಳನ್ನು ಮೂಳೆಯಿಂದ ಬೇರ್ಪಡಿಸುವ ತೆಳುವಾದ ಮೃದ್ವಸ್ಥಿಯ ಫಲಕ ಇರುತ್ತವೆ. ಉಂಗುರದ ಒಂದೊಂದು ಪದರದಲ್ಲೂ ಕೊಲಾಜನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳು ಓರೆಯಾಗಿ ಸಾಗುತ್ತವೆ, ಮರುಪದರದಲ್ಲಿ ಎದುರು ದಿಕ್ಕಿಗೆ ಓರೆಯಾಗುತ್ತವೆ. ಈ ಜೋಡಣೆಯಿಂದಲೇ ಬೆನ್ನು ಬಾಗಿದಾಗಲೂ ತಿರುಗಿದಾಗಲೂ ತಿರುಳು ಹೊರಗೆ ಚಿಮ್ಮದೆ ಉಳಿಯುತ್ತದೆ. ತಿರುಳಿನಲ್ಲಿರುವುದು ಹೆಚ್ಚಾಗಿ ನೀರು, ಎಳವೆಯಲ್ಲಿ ಶೇ 80ಕ್ಕೂ ಮಿಕ್ಕಿ. ಆ ನೀರನ್ನು ಹಿಡಿದಿಡುವ ಅಗ್ರಿಕ್ಯಾನ್ ಎಂಬ ಭಾರಿ ಅಣುವು ಬಾಟಲಿ ತೊಳೆಯುವ ಬ್ರಷ್ಷಿನಂತೆ ನಡುಕಡ್ಡಿಯಿಂದ ಎಲ್ಲ ದಿಕ್ಕಿಗೂ ಚಾಚಿದ ಸಕ್ಕರೆಯ ಎಳೆಗಳನ್ನು ಹೊಂದಿದ್ದು, ಆ ಎಳೆಗಳ ಮೇಲಿನ ಋಣ ವಿದ್ಯುದಂಶ ಸೋಡಿಯಂನಂತಹ ಧನ ಅಯಾನುಗಳನ್ನು ಸೆಳೆಯುತ್ತದೆ; ಅಯಾನುಗಳ ಬೆನ್ನುಹತ್ತಿ ನೀರು ಬರುತ್ತದೆ. ಹಗಲೆಲ್ಲ ದೇಹದ ಭಾರಕ್ಕೆ ಸ್ವಲ್ಪ ನೀರು ಹಿಂಡಿ ಹೋಗಿ, ರಾತ್ರಿ ಮಲಗಿದಾಗ ಮರಳಿ ತುಂಬಿಕೊಳ್ಳುವುದರಿಂದ ಬೆಳಗಿನ ಎತ್ತರಕ್ಕಿಂತ ಸಂಜೆಯ ಎತ್ತರ ಒಂದೂವರೆ ಸೆಂಟಿಮೀಟರಿನಷ್ಟು ಕಡಿಮೆಯಿರುವುದು ಸಹಜ.

ಇಂತಹ ಅಂಗಾಂಶವನ್ನು ಕಟ್ಟಿ, ಕಾಪಾಡಿ, ಹಳತಾದುದನ್ನು ಬದಲಿಸುವ ಹೊಣೆ ಹೊತ್ತ ಜೀವಕೋಶಗಳು ಡಿಸ್ಕ್‌ನ ಗಾತ್ರದಲ್ಲಿ ಕೇವಲ ಶೇ 1ರಷ್ಟಿವೆ. ಅವುಗಳಿಗೆ ಬೇಕಾದ ಗ್ಲೂಕೋಸ್, ಆಮ್ಲಜನಕ, ಹಾರ್ಮೋನುಗಳೆಲ್ಲ ಪಕ್ಕದ ಕಶೇರುವಿನೊಳಗಿನ ಸೂಕ್ಷ್ಮ ರಕ್ತನಾಳಗಳ ತುದಿಯಿಂದ ಹೊರಟು, ಮೃದ್ವಸ್ಥಿಯ ಫಲಕವನ್ನು ದಾಟಿ, ತಿರುಳಿನೊಳಗೆ ನಿಧಾನವಾಗಿ ಪಸರಿಸುತ್ತ ತಲುಪಬೇಕು. ವಯಸ್ಕರ ಸೊಂಟದ ಡಿಸ್ಕ್‌ನ ನಡುಭಾಗದಲ್ಲಿರುವ ಕೋಶಕ್ಕೆ ಹತ್ತಿರದ ರಕ್ತನಾಳವೇ ಆರೆಂಟು ಮಿಲಿಮೀಟರ್ ದೂರದಲ್ಲಿರುತ್ತದೆ. ಆಮ್ಲಜನಕ ವಿರಳವಾದ್ದರಿಂದ ಈ ಕೋಶಗಳು ಗ್ಲೂಕೋಸನ್ನು ಅರೆಬರೆ ಒಡೆದು ಶಕ್ತಿ ಪಡೆಯುತ್ತವೆ, ಅದರಿಂದ ಹುಟ್ಟುವ ಲ್ಯಾಕ್ಟಿಕ್ ಆಮ್ಲವೂ ಬಂದ ದಾರಿಯಲ್ಲೇ ಹೊರಹೋಗಬೇಕು. ಫಲಕದಲ್ಲಿ ಸುಣ್ಣ ಕಟ್ಟಿಕೊಂಡರೆ, ಅಥವಾ ಅದರ ಬೆನ್ನಿಗಿರುವ ನಾಳಗಳು ಮುಚ್ಚಿಹೋದರೆ, ಆಹಾರದ ದಾರಿ ಕಿರಿದಾಗುತ್ತದೆ, ಆಮ್ಲ ಹೆಚ್ಚುತ್ತದೆ, ಕೋಶಗಳು ಸಾಯತೊಡಗುತ್ತವೆ. ಉಳಿದ ಕೋಶಗಳು ಉರಿಯೂತದ ಸಂದೇಶಗಳನ್ನು, ಮುಖ್ಯವಾಗಿ ಇಂಟರ್‌ಲ್ಯೂಕಿನ್-1 ಮತ್ತು ಟಿಎನ್‌ಎಫ್ ಆಲ್ಫಾ ಎಂಬ ಪ್ರೋಟೀನುಗಳನ್ನು, ಸ್ರವಿಸುತ್ತವೆ. ಈ ಸಂದೇಶಕ್ಕೆ ಓಗೊಟ್ಟು ಅಗ್ರಿಕ್ಯಾನ್ ಮತ್ತು ಕೊಲಾಜನ್‌ಗಳನ್ನು ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ. ತಿರುಳು ಒಣಗುತ್ತದೆ, ಉಂಗುರ ಸೀಳುತ್ತದೆ, ಡಿಸ್ಕ್ ಕುಗ್ಗುತ್ತದೆ. ಆರೋಗ್ಯವಂತ ಡಿಸ್ಕ್‌ನ ಹೊರಪದರಗಳಲ್ಲಷ್ಟೇ ಇರುವ ನರದ ಎಳೆಗಳು ಸೀಳಿನ ಗುಂಟ ಒಳಗೆ ಬೆಳೆದಾಗ ನೋವಿಗೂ ಅವಕಾಶವಾಗುತ್ತದೆ.

ಅವಕಾಶ ಎಂಬ ಎಚ್ಚರಿಕೆಯ ಪದವನ್ನೇ ಇಲ್ಲಿ ಬಳಸಬೇಕಾಗಿದೆ, ಏಕೆಂದರೆ ಸವೆತ ಬೇರೆ, ನೋವು ಬೇರೆ. ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಕುರಿತ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, 20ರ ವಯಸ್ಸಿನವರಲ್ಲಿ ಶೇ 37 ಮಂದಿಗೂ, 80ರ ವಯಸ್ಸಿನವರಲ್ಲಿ ಶೇ 96 ಮಂದಿಗೂ ಡಿಸ್ಕ್ ಸವೆತದ ಲಕ್ಷಣಗಳು ಕಂಡಿದ್ದವು. ಎಂಆರ್‌ಐ ವರದಿಯಲ್ಲಿ ಆ ಪದವನ್ನು ಓದಿ ತಮ್ಮ ಬೆನ್ನೇ ಮುರಿಯಿತೆಂದು ಕಂಗಾಲಾಗುವ ಎಷ್ಟೋ ರೋಗಿಗಳಿಗೆ ಈ ಅಂಕಿಗಳನ್ನು ಮೊದಲೇ ತಿಳಿಸಿದರೆ ಅನವಶ್ಯಕ ಭಯ ತಪ್ಪುತ್ತದೆ. ಎಂಆರ್‌ಐ ಚಿತ್ರದಲ್ಲಿ ನೀರು ತುಂಬಿದ ತಿರುಳು ಬೆಳ್ಳಗೂ ಒಣಗಿದ ತಿರುಳು ಕಪ್ಪಾಗಿಯೂ ಕಾಣುವುದನ್ನು ಆಧರಿಸಿ, 2001ರಿಂದ ಬಳಕೆಯಲ್ಲಿರುವ ಫಿರ್ಮನ್ ಶ್ರೇಣಿಯು ಸವೆತವನ್ನು ಐದು ಹಂತಗಳಾಗಿ ವಿಂಗಡಿಸುತ್ತದೆ.

ಡಿಸ್ಕ್ ಎಷ್ಟು ನಿಧಾನವಾಗಿ ಹೊಸದಾಗುತ್ತದೆ ಎಂಬುದೇ ಈ ಅಧ್ಯಾಯದ ಎಲ್ಲ ವಾದಗಳಿಗೂ ತಳಹದಿ. ಪ್ರೋಟೀನುಗಳಲ್ಲಿರುವ ಆಸ್ಪಾರ್ಟಿಕ್ ಆಮ್ಲ ಎಂಬ ಘಟಕವು ಹುಟ್ಟಿನಲ್ಲಿ ಒಂದು ಬಗೆಯ ವಿನ್ಯಾಸದಲ್ಲಿದ್ದು, ವರ್ಷಗಳು ಉರುಳಿದಂತೆ ತಾನಾಗಿ ಅದರ ಕನ್ನಡಿಬಿಂಬದಂತಹ ವಿನ್ಯಾಸಕ್ಕೆ ಬದಲಾಗುತ್ತದೆ. ಬದಲಾದ ಪಾಲನ್ನು ಅಳೆದರೆ ಪ್ರೋಟೀನಿನ ವಯಸ್ಸು ತಿಳಿಯುತ್ತದೆ. ಈ ವಿಧಾನದಿಂದ ಮಾನವ ಡಿಸ್ಕ್‌ಗಳನ್ನು ಪರಿಶೀಲಿಸಿದ ಸಂಶೋಧಕರು, ಆರೋಗ್ಯವಂತ ಡಿಸ್ಕ್‌ನಲ್ಲಿ ಅಗ್ರಿಕ್ಯಾನ್‌ನ ಅರ್ಧದಷ್ಟು ಹೊಸದಾಗಲು ಸುಮಾರು 12 ವರ್ಷ, ಕೊಲಾಜನ್‌ನ ಅರ್ಧದಷ್ಟು ಹೊಸದಾಗಲು 90 ವರ್ಷಕ್ಕೂ ಹೆಚ್ಚು ಬೇಕೆಂದು 2006 ಮತ್ತು 2008ರಲ್ಲಿ ವರದಿ ಮಾಡಿದರು. ಇದರ ಅರ್ಥ, ಬೆಳವಣಿಗೆಯ ವಯಸ್ಸಿನಲ್ಲಿ ಹೆಣೆದ ಕೊಲಾಜನ್ನನ್ನೇ ಮನುಷ್ಯ ಬಹುಪಾಲು ಬದುಕಿನ ಕೊನೆಯವರೆಗೂ ಹೊತ್ತಿರುತ್ತಾನೆ. ವಿಟಮಿನ್ ಡಿ ವಿಷಯದಲ್ಲಾದರೋ, ವೈದ್ಯರು ಅಳೆಯಲು ಹೇಳುವ ಅದರ ರಕ್ತರೂಪದ ಅರ್ಧಾಯುಷ್ಯ ಎರಡು ಮೂರು ವಾರ ಮಾತ್ರ. ಮೂರು ವಾರಗಳ ಸಂಗತಿಯನ್ನು ತೋರಿಸುವ ರಕ್ತಪರೀಕ್ಷೆಯಿಂದ ಮೂರು ದಶಕಗಳಲ್ಲಿ ನಡೆದ ಸವೆತದ ಕಾರಣವನ್ನು ಓದಲು ಹೊರಟಾಗ ಏಳುವ ಗೊಂದಲಗಳೇ ಈ ಕ್ಷೇತ್ರದ ಬಹುತೇಕ ವಿವಾದಗಳಿಗೆ ಮೂಲ.

ವಿಟಮಿನ್ ಎಂದು ಕರೆಯುವುದು ರೂಢಿಯಾದರೂ ಇದು ನಡೆದುಕೊಳ್ಳುವುದು ಹಾರ್ಮೋನಿನಂತೆ. ಎಳೆಯ ಮಕ್ಕಳ ಮೂಳೆ ಬಾಗಿಸುವ ರಿಕೆಟ್ಸ್ ರೋಗಕ್ಕೆ ಕಾಡ್ ಮೀನಿನ ಯಕೃತ್ತಿನೆಣ್ಣೆ ಮದ್ದೆಂದು ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಗಳ ಮೇಲಿನ ಪ್ರಯೋಗಗಳಿಂದಲೂ, ನೇರಳಾತೀತ ಬೆಳಕೇ ಮದ್ದೆಂದು ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಮಕ್ಕಳ ಚಿಕಿತ್ಸೆಯಿಂದಲೂ 1919ರ ಆಸುಪಾಸಿನಲ್ಲೇ ತೋರಿಸಿಕೊಟ್ಟರು. ಎಣ್ಣೆಯೂ ಬೆಳಕೂ ಕೊಡುವುದು ಒಂದೇ ವಸ್ತುವನ್ನು ಎಂಬುದು ನಂತರ ಸ್ಪಷ್ಟವಾಯಿತು. ಚರ್ಮದಲ್ಲಿರುವ ಕೊಲೆಸ್ಟರಾಲ್‌ನ ಸೋದರ ಅಣುವೊಂದು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣವನ್ನು ಹೀರಿ ವಿಟಮಿನ್ ಡಿ ಆಗುತ್ತದೆ, ಯಕೃತ್ತಿನಲ್ಲಿ ಅದಕ್ಕೆ ಒಂದು ಆಮ್ಲಜನಕ-ಜಲಜನಕ ಗುಂಪು ಸೇರಿ ಕ್ಯಾಲ್ಸಿಡಿಯಾಲ್ ಆಗುತ್ತದೆ, ಮೂತ್ರಪಿಂಡದಲ್ಲಿ ಇನ್ನೊಂದು ಗುಂಪು ಸೇರಿ ಕ್ಯಾಲ್ಸಿಟ್ರಿಯಾಲ್ ಎಂಬ ಸಕ್ರಿಯ ಹಾರ್ಮೋನಾಗುತ್ತದೆ. ರಕ್ತಪರೀಕ್ಷೆ ಅಳೆಯುವುದು ನಡುವಿನ ರೂಪವನ್ನು. ಕೆಲಸ ಮಾಡುವುದು ಕೊನೆಯ ರೂಪ. ಕ್ಯಾಲ್ಸಿಟ್ರಿಯಾಲ್ ಜೀವಕೋಶದೊಳಗೆ ತನ್ನದೇ ಗ್ರಾಹಕವನ್ನು, ಅಂದರೆ ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನನ್ನು, ಕೂಡಿಕೊಂಡು ಡಿಎನ್‌ಎ ಮೇಲೆ ಕೂತು ಜೀನುಗಳ ಚಟುವಟಿಕೆಯನ್ನು ಏರಿಸುತ್ತದೆ ಅಥವಾ ತಗ್ಗಿಸುತ್ತದೆ. ಈ ಗ್ರಾಹಕ ಕರುಳು, ಮೂಳೆ, ಮೂತ್ರಪಿಂಡಗಳಲ್ಲಷ್ಟೇ ಅಲ್ಲದೆ ಡಿಸ್ಕ್‌ನ ಕೋಶಗಳಲ್ಲೂ ಇದೆಯೆಂಬುದು ಇಲಿಗಳಲ್ಲಿಯೂ ಮನುಷ್ಯರಲ್ಲಿಯೂ ಈ ಶತಮಾನದ ಮೊದಲ ವರ್ಷಗಳಿಂದ ಖಚಿತವಾಗುತ್ತ ಬಂದಿದೆ.

ಆದರೆ ಡಿಸ್ಕ್ ಮತ್ತು ವಿಟಮಿನ್ ಡಿ ನಡುವಿನ ನಂಟಿನ ಮೊದಲ ಸುಳಿವು ಬಂದದ್ದು ಪ್ರಯೋಗಶಾಲೆಯ ಕೋಶಗಳಿಂದಲ್ಲ, ಫಿನ್ಲೆಂಡಿನ ಅವಳಿಗಳಿಂದ. ಭಾರ ಹೊರುವುದು, ಲಾರಿ ಓಡಿಸುವುದು, ಬಗ್ಗಿ ದುಡಿಯುವುದು ಇವೇ ಡಿಸ್ಕ್ ಸವೆತಕ್ಕೆ ಕಾರಣ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, ತಪಿಯೋ ವಿಡೆಮನ್ ಮತ್ತು ಮಿಷೆಲ್ ಬ್ಯಾಟಿ ನೇತೃತ್ವದ ತಂಡ ಆ ದೇಶದ ಅವಳಿಗಳ ರಾಷ್ಟ್ರೀಯ ದಾಖಲೆಯಿಂದ 115 ಜೊತೆ ತದ್ರೂಪಿ ಅವಳಿ ಪುರುಷರನ್ನು ಆಯ್ದು ಎಂಆರ್‌ಐ ಮಾಡಿಸಿತು. ಒಬ್ಬ ಕುಳಿತು ಕೆಲಸ ಮಾಡುವವನು, ಅವನ ಅವಳಿ ಮೈಮುರಿದು ದುಡಿಯುವವನು ಎಂಬಂತಹ ಜೊತೆಗಳಲ್ಲೂ ಇಬ್ಬರ ಡಿಸ್ಕ್‌ಗಳು ಅಚ್ಚರಿಯೆನಿಸುವಷ್ಟು ಹೋಲುತ್ತಿದ್ದವು. ಸೊಂಟದ ಮೇಲ್ಭಾಗದ ಡಿಸ್ಕ್‌ಗಳಲ್ಲಿ ಕಂಡ ವ್ಯತ್ಯಾಸದ ಶೇ 7ನ್ನು ಮಾತ್ರ ದುಡಿಮೆಯ ಹೊರೆ ವಿವರಿಸಿತು. ವಯಸ್ಸನ್ನೂ ಸೇರಿಸಿದಾಗ ಅದು ಶೇ 16ಕ್ಕೆ, ವಂಶ ಮತ್ತು ಬಾಲ್ಯದ ಹಂಚಿಕೊಂಡ ಪರಿಸರವನ್ನೂ ಸೇರಿಸಿದಾಗ ಶೇ 77ಕ್ಕೆ ಏರಿತು. 1995ರಲ್ಲಿ ಪ್ರಕಟವಾದ ಈ ಫಲಿತಾಂಶ ಬೆನ್ನಿನ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ವಂಶವೇ ಕಾರಣವಾದರೆ ಯಾವ ಜೀನು ಎಂಬ ಪ್ರಶ್ನೆ ಎದ್ದಿತು. 1998ರಲ್ಲಿ ಅದೇ ತಂಡ 85 ಜೊತೆ ಅವಳಿಗಳಲ್ಲಿ ವಿಟಮಿನ್ ಡಿ ಗ್ರಾಹಕದ ಜೀನಿನ ಎರಡು ಭಿನ್ನರೂಪಗಳಿಗೂ ಡಿಸ್ಕ್‌ನ ತೇವಾಂಶಕ್ಕೂ ಸಂಬಂಧವಿದೆಯೆಂದು ತೋರಿಸಿತು. ಸವೆತಕ್ಕೆ ನಂಟಿರುವುದೆಂದು ಗುರುತಿಸಿದ ಮೊದಲ ಜೀನುಗಳಲ್ಲಿ ಅದೂ ಒಂದು.

ಆ ಎರಡು ಭಿನ್ನರೂಪಗಳಿಗೆ, ಜೀನನ್ನು ಆ ಜಾಗದಲ್ಲಿ ಕತ್ತರಿಸಬಲ್ಲ ಬ್ಯಾಕ್ಟೀರಿಯಾದ ಕಿಣ್ವಗಳ ಹೆಸರಿನಿಂದ ಟ್ಯಾಕ್-1 ಮತ್ತು ಫಾಕ್-1 ಎಂಬ ಹೆಸರುಗಳಿವೆ. ತಂದೆಯಿಂದಲೂ ತಾಯಿಯಿಂದಲೂ ಟ್ಯಾಕ್-1 ಕತ್ತರಿಸಬಲ್ಲ ಪ್ರತಿಯನ್ನೇ ಪಡೆದವರ ಡಿಸ್ಕ್‌ಗಳ ಎಂಆರ್‌ಐ ಹೊಳಪು, ಆ ರೂಪ ಒಂದೂ ಇಲ್ಲದವರಿಗಿಂತ ಸುಮಾರು ಶೇ 13ರಷ್ಟು ಕಡಿಮೆಯಿತ್ತು. ಫಾಕ್-1ರ ಕತೆ ಇನ್ನೂ ಸ್ವಾರಸ್ಯಕರ. ಅದರ ಒಂದು ರೂಪ 424 ಅಮೈನೋ ಆಮ್ಲಗಳ ಗಿಡ್ಡ ಗ್ರಾಹಕವನ್ನೂ ಇನ್ನೊಂದು ರೂಪ 427ರ ಉದ್ದ ಗ್ರಾಹಕವನ್ನೂ ಕೊಡುತ್ತದೆ. ಗಿಡ್ಡದ್ದೇ ಹೆಚ್ಚು ಚುರುಕು, ಮತ್ತು ಅವಳಿಗಳಲ್ಲಿ ಹೆಚ್ಚು ಒಣಗಿದ ಡಿಸ್ಕ್‌ಗಳು ಕಂಡದ್ದು ಉದ್ದನೆಯ, ಮಂದ ಗ್ರಾಹಕ ಹೊಂದಿದವರಲ್ಲಿ. ಹುಟ್ಟಿನಿಂದಲೇ ಜೊತೆಗಿರುವ ಜೀನು ಪ್ರತಿದಿನ, ಪ್ರತಿ ವರ್ಷ ತನ್ನ ಪ್ರಭಾವ ಬೀರುವುದರಿಂದ, ದಶಕಗಳ ಕಾಲಮಾನದಲ್ಲಿ ಬದುಕುವ ಡಿಸ್ಕ್‌ನ ಬಗ್ಗೆ ಅದು ಕೊಡುವ ಸಾಕ್ಷ್ಯ ಒಂದು ದಿನದ ರಕ್ತದ ಮಾದರಿ ಕೊಡುವುದಕ್ಕಿಂತ ತೂಕವುಳ್ಳದ್ದು.

ಹಾಗಿದ್ದೂ ಈ ಸಾಕ್ಷ್ಯದಲ್ಲಿ ಎರಡು ತೊಡಕುಗಳಿವೆ. ಜಪಾನಿನ ಯುವಜನರಲ್ಲಿ, ಹಾಂಗ್‌ಕಾಂಗಿನ ಚೀನೀ ಜನರಲ್ಲಿ, ವಿಶೇಷವಾಗಿ 40ರೊಳಗಿನವರಲ್ಲಿ, ಟ್ಯಾಕ್-1ರ ನಂಟು ಮರುಕಂಡರೂ ಬೇರೆ ಕೆಲವು ಜನಸಮುದಾಯಗಳಲ್ಲಿ ಅದು ಕಾಣಲಿಲ್ಲ. ಎಲ್ಲವನ್ನೂ ಕೂಡಿಸಿದ ವಿಶ್ಲೇಷಣೆಗಳು ಒಂದಕ್ಕೊಂದು ಹೊಂದುವುದಿಲ್ಲ. ಎರಡನೆಯದು ಇನ್ನೂ ಆಳದ ತೊಡಕು. ಟ್ಯಾಕ್-1 ಬದಲಾವಣೆಯಿಂದ ಗ್ರಾಹಕ ಪ್ರೋಟೀನಿನ ಒಂದು ಅಮೈನೋ ಆಮ್ಲವೂ ಬದಲಾಗುವುದಿಲ್ಲ, ಆದ್ದರಿಂದ ಅದು ತಾನೇ ಕಾರಣವಾಗಿರದೆ ಪಕ್ಕದಲ್ಲಿರುವ ಬೇರೆ ಯಾವುದೋ ಬದಲಾವಣೆಯ ಗುರುತಾಗಿರಬಹುದು. ಗ್ರಾಹಕದ ಜೀನು ಇರುವ 12ನೆಯ ವರ್ಣತಂತುವಿನ ಅದೇ ನೆರೆಯಲ್ಲಿ, ತಿರುಳಿನ ಮುಖ್ಯ ನಾರಾದ ಎರಡನೆಯ ಬಗೆಯ ಕೊಲಾಜನ್ನಿನ ಜೀನೂ ಇದೆ. ನೆರೆಹೊರೆಯ ಜೀನುಗಳು ತಲೆಮಾರುಗಳಲ್ಲಿ ಒಟ್ಟಿಗೇ ಸಾಗುವುದು ಸಾಮಾನ್ಯವಾದ್ದರಿಂದ, ವಿಟಮಿನ್ ಡಿ ಮೇಲೆ ಹೊರಿಸಿದ ಹೊಣೆಯಲ್ಲಿ ಒಂದು ಪಾಲು ಕೊಲಾಜನ್ನಿನದಿರಬಹುದೆಂಬ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ಫಾಕ್-1ಕ್ಕೆ ಈ ಆಕ್ಷೇಪ ಅಷ್ಟಾಗಿ ತಟ್ಟದು. ಅದು ಗ್ರಾಹಕವನ್ನೇ ಬದಲಿಸುತ್ತದೆ. ಆ ಕಾರಣಕ್ಕೆ ಎರಡರಲ್ಲಿ ಹೆಚ್ಚು ನಂಬಬಹುದಾದ ಸುಳಿವು ಫಾಕ್-1ರದೇ.

ಪ್ರಯೋಗಶಾಲೆಯ ಸಾಕ್ಷ್ಯ ಹೆಚ್ಚು ಸರಳ ದಿಕ್ಕಿನಲ್ಲಿದೆ. ಮಾನವ ಡಿಸ್ಕ್‌ನ ಉಂಗುರದ ಕೋಶಗಳಿಗೆ ಕ್ಯಾಲ್ಸಿಟ್ರಿಯಾಲ್ ಕೊಟ್ಟ ಅಮೆರಿಕದ ಪ್ರಯೋಗವೊಂದರಲ್ಲಿ, 2008ರ ವರದಿಯಂತೆ, ಕೋಶಗಳ ವಿಭಜನೆ ತಗ್ಗಿತು. ಅದರೊಂದಿಗೆ ಉರಿಯೂತದ ಕೋಶಗಳನ್ನು ಕರೆತರುವ ಮತ್ತು ಹೊಸ ರಕ್ತನಾಳಗಳನ್ನು ಚಿಗುರಿಸುವ ಕೆಲವು ಸಂದೇಶ-ಪ್ರೋಟೀನುಗಳ ಉತ್ಪಾದನೆಯೂ ತಗ್ಗಿತು. ರಕ್ತನಾಳವಿಲ್ಲದಿರುವುದೇ ಸಹಜವಾದ ಅಂಗಾಂಶಕ್ಕೆ ಹೊಸ ನಾಳಗಳು ನುಗ್ಗುವುದು, ಅವುಗಳೊಂದಿಗೆ ನರಗಳೂ ಬರುವುದು ರೋಗದ ಲಕ್ಷಣವಾದ್ದರಿಂದ ಈ ತಡೆ ಗಮನಾರ್ಹ. 2019ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದು, ವಿಟಮಿನ್ ಡಿ ಕೊರತೆಯಿಂದ ಡಿಸ್ಕ್ ಸವೆತ ಬೇಗ ಸಾಗುತ್ತದೆಂದೂ, ಪೂರೈಕೆಯಿಂದ ಅದು ನಿಧಾನಿಸುತ್ತದೆಂದೂ, ಇದಕ್ಕೆ ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಹಾದಿಯನ್ನು ವಿಟಮಿನ್ ಡಿ ತಡೆಯುವುದೇ ಕಾರಣವೆಂದೂ ವಾದಿಸಿತು. ಆಮ್ಲಜನಕದ ಉಗ್ರ ಅಣುಗಳ ಏಟಿನಿಂದ ಸಾಯುವ ಕೋಶಗಳ ಸಂಖ್ಯೆ ಗ್ರಾಹಕವನ್ನು ಚುರುಕುಗೊಳಿಸಿದಾಗ ಇಳಿಯುತ್ತದೆಂದು ಇಲಿಜಾತಿಯ ಡಿಸ್ಕ್ ಕೋಶಗಳಲ್ಲಿ ಕಂಡಿದೆ. ಆದರೆ ನಾಲ್ಕು ಕಾಲಿನ ಮೇಲೆ ನಡೆಯುವ, ಎರಡು ವರ್ಷ ಬದುಕುವ ಪ್ರಾಣಿಯ ಡಿಸ್ಕ್‌ನಲ್ಲಿ ಆಹಾರ ಸಾಗಬೇಕಾದ ದೂರ ಅತಿ ಕಡಿಮೆ; ನೆಟ್ಟಗೆ ನಿಂತು ಎಂಟು ದಶಕ ಬದುಕುವ ಮನುಷ್ಯನ ದಪ್ಪ ಡಿಸ್ಕ್‌ಗೆ ಆ ಫಲಿತಾಂಶವನ್ನು ಹಾಗೆಯೇ ಎತ್ತಿಡಲಾಗದು.

ಡಿಸ್ಕ್‌ನ ಕೋಶಗಳನ್ನು ನೇರವಾಗಿ ಮುಟ್ಟದೆಯೂ ವಿಟಮಿನ್ ಡಿ ಬೆನ್ನಿನ ಮೇಲೆ ಪ್ರಭಾವ ಬೀರಬಲ್ಲದು, ಮತ್ತು ಚಿಕಿತ್ಸೆಯ ದೃಷ್ಟಿಯಿಂದ ಈ ಹಾದಿಗಳೇ ಹೆಚ್ಚು ಮುಖ್ಯವಿರಬಹುದು. ಕರುಳಿನಿಂದ ಕ್ಯಾಲ್ಸಿಯಂ ಹೀರಿಕೆ ಕುಂಠಿತವಾದಾಗ ವಯಸ್ಕರ ಮೂಳೆಯಲ್ಲಿ ಹೊಸ ಭಾಗಕ್ಕೆ ಖನಿಜ ತುಂಬದೆ ಅದು ಮೆತ್ತಗಾಗುವ ಆಸ್ಟಿಯೋಮಲೇಸಿಯಾ ಎಂಬ ಸ್ಥಿತಿ ಉಂಟಾಗುತ್ತದೆ. ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ಮಂದವಾದ ನೋವು, ಕುಳಿತಲ್ಲಿಂದ ಏಳಲು ಕಷ್ಟ, ತೊಡೆಯ ಸ್ನಾಯುಗಳ ನಿಶ್ಶಕ್ತಿ ಇದರ ಲಕ್ಷಣಗಳು. ಸೌದಿ ಅರೇಬಿಯಾದಲ್ಲಿ ಕಾರಣ ತಿಳಿಯದ ದೀರ್ಘಕಾಲದ ಬೆನ್ನುನೋವಿನ 360 ರೋಗಿಗಳನ್ನು ಪರೀಕ್ಷಿಸಿದಾಗ ಶೇ 83 ಮಂದಿಯಲ್ಲಿ ವಿಟಮಿನ್ ಡಿ ಮಟ್ಟ ತೀರಾ ಕಡಿಮೆಯಿದ್ದು, ಪೂರೈಸಿದ ಮೇಲೆ ನೋವು ಇಳಿಯಿತೆಂದು 2003ರಲ್ಲಿ ಬಂದ ವರದಿ ಜಗತ್ತಿನಾದ್ಯಂತ ಉತ್ಸಾಹ ಹುಟ್ಟಿಸಿತು. ಹೋಲಿಕೆಗೆ ಹುಸಿಗುಳಿಗೆಯ ಗುಂಪು ಆ ಅಧ್ಯಯನದಲ್ಲಿರಲಿಲ್ಲ, ಹಾಗೂ ಅಲ್ಲಿ ಗುಣವಾದದ್ದು ಮೆತ್ತಗಾದ ಮೂಳೆಯ ನೋವೇ ಹೊರತು ಸವೆದ ಡಿಸ್ಕ್ ಅಲ್ಲ ಎಂಬುದು ಹೆಚ್ಚು ಒಪ್ಪುವಂತಹ ವಿವರಣೆ. ಮೂಳೆ ವಾರಗಳಲ್ಲಿ, ತಿಂಗಳುಗಳಲ್ಲಿ ಹೊಸದಾಗುತ್ತ ಹೋಗುವ ಅಂಗಾಂಶ. ಆದ್ದರಿಂದ ಅಲ್ಲಿ ಗುಳಿಗೆಯ ಪರಿಣಾಮ ಬೇಗ ಕಾಣುತ್ತದೆ. ಇದರ ನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ ಕಟ್ಟುನಿಟ್ಟಾದ ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಸಮೀಕ್ಷೆ, ಸಾಮಾನ್ಯ ಬೆನ್ನುನೋವಿಗೆ ವಿಟಮಿನ್ ಡಿ ಪೂರೈಕೆ ಹುಸಿಗುಳಿಗೆಗಿಂತ ಮೇಲೆನ್ನಲು ಆಧಾರವಿಲ್ಲ ಎಂದು ತೀರ್ಮಾನಿಸಿತು.

ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿರುವವರಲ್ಲಿ ಡಿಸ್ಕ್ ಸವೆತ ಹೆಚ್ಚು ಎಂದು ಹೇಳುವ ವರದಿಗಳನ್ನು ಓದುವಾಗ ಎಚ್ಚರ ಬೇಕು. ಬೆನ್ನುನೋವಿರುವವರು ಮನೆಯಿಂದ ಹೊರಬೀಳುವುದು ಕಡಿಮೆ, ಬಿಸಿಲೂ ಕಡಿಮೆ. ಇಲ್ಲಿ ಕಾರಣ ಮತ್ತು ಪರಿಣಾಮ ತಲೆಕೆಳಗಾಗುತ್ತವೆ. ಸ್ಥೂಲಕಾಯದವರಲ್ಲಿ ವಿಟಮಿನ್ ಡಿ ಕೊಬ್ಬಿನಲ್ಲಿ ಹಂಚಿಹೋಗಿ ರಕ್ತದ ಮಟ್ಟ ಇಳಿಯುತ್ತದೆ, ಅದೇ ಸ್ಥೂಲಕಾಯ ಡಿಸ್ಕ್‌ನ ಮೇಲೆ ಹೊರೆಯನ್ನೂ ಉರಿಯೂತವನ್ನೂ ಹೆಚ್ಚಿಸುತ್ತದೆ. ವಯಸ್ಸಾದಂತೆ ಚರ್ಮದ ಉತ್ಪಾದನೆ ತಗ್ಗುತ್ತದೆ, ಸವೆತ ಮಾತ್ರ ಏರುತ್ತದೆ.

ವರ್ಷವಿಡೀ ಬಿಸಿಲು ಕಾಯುವ ಭಾರತದಲ್ಲಿ ವಿಟಮಿನ್ ಡಿ ಕೊರತೆ ಏಕೆ ಎಂಬ ಪ್ರಶ್ನೆಗೆ ದಕ್ಷಿಣದಲ್ಲೂ ಉತ್ತರ ಹುಡುಕಲಾಗಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಂಡ 2000ದಲ್ಲಿ ಆರೋಗ್ಯವಂತ ನಗರವಾಸಿಗಳಲ್ಲೂ ಮಟ್ಟ ಕೆಳಗಿದೆಯೆಂದು, ಬಿಸಿಲಲ್ಲಿ ದುಡಿಯುವ ಸೈನಿಕರಲ್ಲಿ ಅದು ಮೇಲಿದೆಯೆಂದು ತೋರಿಸಿದ ಬಳಿಕ, ತಿರುಪತಿಯಲ್ಲಿ ಸಿ. ವಿ. ಹರಿನಾರಾಯಣ್ ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗರಲ್ಲಿ ನಗರದವರಿಗಿಂತ ಮಟ್ಟ ಹೆಚ್ಚೆಂದು ಕಂಡರು. ಆ ಊರಿನಲ್ಲಿ ವಿಟಮಿನ್ ಡಿ ತಯಾರಿಕೆಗೆ ಬೇಕಾದ ಕಿರಣಗಳು ತೀವ್ರವಾಗಿರುವುದು ಬೆಳಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಎಂದೂ ಅವರ ಮಾಪನ ಹೇಳುತ್ತದೆ. ಬೆಂಗಳೂರು ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿರುವುದರಿಂದ ಎಳೆಬಿಸಿಲೇ ಸಾಕೆಂಬ ಜನಜನಿತ ಸಲಹೆಯನ್ನು ಇಲ್ಲಿಯೂ ಮರುಪರಿಶೀಲಿಸಬೇಕಾಗುತ್ತದೆ. ಓರೆಯಾಗಿ ಬೀಳುವ ಬೆಳಗಿನ ಕಿರಣಗಳಿಂದ ಬೇಕಾದ ತರಂಗಾಂತರವನ್ನು ವಾತಾವರಣದ ಓಜೋನ್ ಬಹುಪಾಲು ಹೀರಿಬಿಟ್ಟಿರುತ್ತದೆ. ಕಪ್ಪು ಚರ್ಮದ ಮೆಲನಿನ್ ಅದೇ ಕಿರಣಗಳನ್ನು ಹೀರುವುದರಿಂದ ಹೆಚ್ಚು ಹೊತ್ತು ಬೇಕಾಗುತ್ತದೆ.

ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎಂಬುದು ಬಹುಕಾಲ ಒಪ್ಪಿದ ಗಡಿ. ಅದನ್ನು ಗುರುತಿಸಿದರೆ ಸರಿಪಡಿಸುವುದು ಮೂಳೆ ಮತ್ತು ಸ್ನಾಯುಗಳ ಹಿತಕ್ಕಾಗಿಯೇ ಅಗತ್ಯ, ಡಿಸ್ಕ್‌ಗೆ ಅದರಿಂದ ಲಾಭವಾದರೆ ಅದು ಹೆಚ್ಚುವರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ವಯಸ್ಕರಿಗೆ ದಿನಕ್ಕೆ 600 ಅಂತರರಾಷ್ಟ್ರೀಯ ಯೂನಿಟ್ ಎನ್ನುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ 60,000 ಯೂನಿಟ್‌ಗಳ ಪುಡಿಯ ಪೊಟ್ಟಣ ಅಥವಾ ಮಾತ್ರೆ ವಾರಕ್ಕೊಂದರಂತೆ ನಿಗದಿತ ಅವಧಿಗೆ ತೆಗೆದುಕೊಳ್ಳಲು ವೈದ್ಯರು ಬರೆದುಕೊಡುವ ಚಿಕಿತ್ಸೆ. ಅದನ್ನು ಬೆನ್ನು ಹಿಡಿದಾಗಲೆಲ್ಲ ಕೇಳಿ ತಂದು ತಿಂಗಳುಗಟ್ಟಲೆ ನುಂಗುವುದು ಅಪಾಯಕರ. ಅತಿಯಾದ ವಿಟಮಿನ್ ಡಿ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ವಾಂತಿ, ಮಂಕು, ಮೂತ್ರಪಿಂಡದ ಹಾನಿ ಉಂಟುಮಾಡುತ್ತದೆ, ಮೃದು ಅಂಗಾಂಶಗಳಲ್ಲಿ ಸುಣ್ಣ ಕಟ್ಟಿಸಬಲ್ಲದು. ಆಹಾರದ ದಾರಿಯಾದ ಮೃದ್ವಸ್ಥಿಯ ಫಲಕ ಸುಣ್ಣಗಟ್ಟುವುದೇ ಡಿಸ್ಕ್‌ಗೆ ಕೇಡು ಎಂಬುದನ್ನು ನೆನೆದರೆ, ಡಿಸ್ಕ್ ಉಳಿಸುವ ಹುಮ್ಮಸ್ಸಿನಲ್ಲಿ ಅತಿಪ್ರಮಾಣ ನುಂಗುವುದರ ಅವಿವೇಕ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹನ್ನೆರಡು ವಾರ ಗುಳಿಗೆ ಕೊಟ್ಟು ನೋವಿನ ಅಂಕ ಬರೆದುಕೊಳ್ಳುವ ಪ್ರಯೋಗ, ಅಗ್ರಿಕ್ಯಾನ್ ಅರ್ಧ ಬದಲಾಗಲು ಹನ್ನೆರಡು ವರ್ಷ ಬೇಕಾದ ಅಂಗಾಂಶದ ಬಗ್ಗೆ ಹೌದೆಂದೂ ಹೇಳಲಾರದು, ಇಲ್ಲವೆಂದೂ ಹೇಳಲಾರದು. ತಕ್ಕ ಪ್ರಯೋಗ ಡಿಸ್ಕ್ ಇನ್ನೂ ಹೆಣೆಯುತ್ತಿರುವ ಬಾಲ್ಯದಲ್ಲಿ ಶುರುವಾಗಿ ದಶಕಗಳವರೆಗೆ ಸಾಗಬೇಕು, ಮತ್ತು ಅಂತಹದೊಂದು ಫಿನ್ಲೆಂಡಿನಲ್ಲಿ ಯಾರೂ ಡಿಸ್ಕ್‌ಗಾಗಿ ಯೋಜಿಸದೆಯೇ ನಡೆದುಹೋಗಿದೆ. ಚಳಿಗಾಲದಲ್ಲಿ ಚರ್ಮ ವಿಟಮಿನ್ ಡಿ ತಯಾರಿಸಲಾಗದಷ್ಟು ಉತ್ತರದಲ್ಲಿರುವ ಆ ದೇಶ 2003ರಿಂದ ಹಾಲಿಗೆ ವಿಟಮಿನ್ ಡಿ ಬೆರೆಸತೊಡಗಿ, 2010ರಲ್ಲಿ ಪ್ರಮಾಣವನ್ನು ಇಮ್ಮಡಿಸಿತು. 2000 ಮತ್ತು 2011ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಗಳ ನಡುವೆ ವಯಸ್ಕರ ಸರಾಸರಿ ಮಟ್ಟ ಮಿಲಿಲೀಟರಿಗೆ ಸುಮಾರು 19ರಿಂದ 26 ನ್ಯಾನೋಗ್ರಾಂಗೆ ಏರಿತು. ಹಾಲಿಗೆ ಬೆರೆಸುವ ಮೊದಲೇ ಬೆಳೆದು ದೊಡ್ಡವರಾದ, 1986ರ ಉತ್ತರ ಫಿನ್ಲೆಂಡ್ ಜನನ-ಸಮೂಹದ 558 ಯುವಜನರ ಸೊಂಟವನ್ನು ಅವರ 21ರ ವಯಸ್ಸಿನಲ್ಲಿ ಎಂಆರ್‌ಐ ಮೂಲಕ ನೋಡಿದಾಗ ಶೇ 47 ಮಂದಿಯಲ್ಲಿ ಕನಿಷ್ಠ ಒಂದು ಡಿಸ್ಕ್ ಸವೆದಿತ್ತು. ಬೆರೆಸಿದ ಹಾಲು ಕುಡಿದೇ ಬೆಳೆದ ಮಕ್ಕಳು ಈಗ ಅದೇ ವಯಸ್ಸಿಗೆ ಕಾಲಿಡುತ್ತಿದ್ದಾರೆ. ತೂಕ, ಧೂಮಪಾನ, ಆಟೋಟಗಳಲ್ಲಿ ಎರಡು ಪೀಳಿಗೆಗಳ ನಡುವೆ ಆಗಿರುವ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿದು, ಅದೇ ಅಳತೆಗೋಲಿನಿಂದ ಇವರ ಡಿಸ್ಕ್‌ಗಳನ್ನೂ ಅಳೆದರೆ ಸಿಗುವ ಉತ್ತರ ಈವರೆಗಿನ ಎಲ್ಲ ಗುಳಿಗೆ-ಪ್ರಯೋಗಗಳಿಗಿಂತ ಹೆಚ್ಚು ನಂಬಲರ್ಹವಾಗಿರುತ್ತದೆ.